ಲೆಕ್ಕ ಬಲ್ಲವರಿಗೆ ಪ್ರೋಗ್ರಾಮಿಂಗ್: ಹೊಸಬರ ಪ್ರಶ್ನೆಗಳಿಗೆ ಅಂಗಡಿಯಲ್ಲೇ ಉತ್ತರ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ವ್ಯಾಪಾರಸ್ಥರಿಗೆ ಗಣಕಯಂತ್ರವು ಇಂದು ಹೊಸದೇನಲ್ಲ. ಕೆಂಪು ಬಟ್ಟೆ ಹೊದಿಸಿದ ಕೀರ್ದಿ-ಖಾತೆ ಪುಸ್ತಕಗಳ ಜಾಗಕ್ಕೆ ಲೆಕ್ಕಪತ್ರದ ತಂತ್ರಾಂಶ ಬಂದು ಬಹಳ ವರ್ಷಗಳಾಗಿವೆ. ಅಡತಿ ಅಂಗಡಿಯ ಬಿಲ್ಲು, ಮಗ್ಗದ ಮಜೂರಿ, ಕಬ್ಬಿನ ತೂಕದ ಚೀಟಿ ಎಲ್ಲವೂ ಪರದೆಯ ಮೇಲೆ ಮೂಡುತ್ತವೆ. ಆದರೆ ಮೂಡಿದ ಅಂಕಿ ಯಾವ ನಿಯಮದಂತೆ ಮೂಡಿತು ಎಂದು ಕೇಳಿದರೆ ಮಾಲೀಕರು ಗುಮಾಸ್ತರ ಮುಖ ನೋಡುತ್ತಾರೆ. ಗುಮಾಸ್ತರು ತಂತ್ರಾಂಶ ಮಾರಿದವರ ದೂರವಾಣಿ ಸಂಖ್ಯೆ ಹುಡುಕುತ್ತಾರೆ.

ಇಂತಹ ಸಂದರ್ಭದಲ್ಲಿ ಪದವಿ ಮುಗಿಸಿ ಅಂಗಡಿಗೋ ಕಾರ್ಖಾನೆಗೋ ಮರಳಿದ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲು ಕುಳಿತರೆ ಹಿರಿಯರು ಅದನ್ನು ಕಾಲಹರಣವೆಂದು ತಿಳಿಯಬಾರದು. ಈ ವಿದ್ಯೆಯ ಮೂಲ ಇರುವುದು ನಿಯಮವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳುವುದರಲ್ಲಿ. ಆ ಶಿಸ್ತು ವ್ಯಾಪಾರಸ್ಥರಿಗೆ ಮೊದಲೇ ಉಂಟು. ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ಪ್ರೋಗ್ರಾಮ್ ಎಂದರೇನು?

ಈ ಪ್ರಶ್ನೆಗೆ ರಬಕವಿ-ಬನಹಟ್ಟಿಯ ನೇಕಾರರೇ ಒಳ್ಳೆಯ ಉತ್ತರ ಕೊಡಬಲ್ಲರು. ಸೀರೆಯ ಅಂಚು-ಸೆರಗುಗಳಿಗೆ ಜಕಾರ್ಡ್ ಯಂತ್ರ ಕಟ್ಟಿದ ಮಗ್ಗದಲ್ಲಿ, ಯಾವ ಹೊಕ್ಕಿಗೆ ಯಾವ ಹಾಸಿನ ಎಳೆ ಮೇಲೇಳಬೇಕೆಂಬುದನ್ನು ರಂಧ್ರಗಳಿರುವ ಪಟ್ಟಿಗಳು ನಿರ್ಧರಿಸುತ್ತವೆ. ಪಟ್ಟಿ ಬದಲಿಸಿದರೆ ವಿನ್ಯಾಸ ಬದಲಾಗುತ್ತದೆ, ಮಗ್ಗ ಅದೇ ಇರುತ್ತದೆ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮೇರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಪದ್ಧತಿಯನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಮ್ಮ ಗಣನಯಂತ್ರದ ಯೋಜನೆಗೆ ಎರವಲು ಪಡೆದರು. ಆ ಯಂತ್ರದ ಬಗೆಗೆ ಏಡಾ ಲವ್‌ಲೇಸ್ 1843ರಲ್ಲಿ ಪ್ರಕಟಿಸಿದ ಟಿಪ್ಪಣಿಗಳಲ್ಲಿ, ಅದು ಲೆಕ್ಕ ಮಾಡಬೇಕಾದ ಕ್ರಮವನ್ನು ಹಂತಹಂತವಾಗಿ ವಿವರಿಸಿದ್ದಾರೆ. ಗಣಕಯಂತ್ರವು ಮಗ್ಗವಾದರೆ ಪ್ರೋಗ್ರಾಮ್ ಅದರ ಪಟ್ಟಿ. ಪಟ್ಟಿಯಲ್ಲಿ ಒಂದು ರಂಧ್ರ ತಪ್ಪಿದರೆ ಮಗ್ಗವು ತಪ್ಪನ್ನೇ ಶ್ರದ್ಧೆಯಿಂದ ನೇಯುತ್ತದೆ.

ಇದು ಎಂಜಿನಿಯರುಗಳ ವಿದ್ಯೆಯಲ್ಲವೇ?

ಇದಕ್ಕೆ ಉತ್ತರವಾಗಿ ಕರ್ನಾಟಕದ್ದೇ ಒಂದು ಉದಾಹರಣೆಯಿದೆ. ಶ್ಯಾಮಸುಂದರ್ ಗೋಯೆಂಕಾ ಅವರು ಜವಳಿ ಗಿರಣಿ ಮೊದಲಾದವುಗಳಿಗೆ ಕಚ್ಚಾವಸ್ತು ಹಾಗೂ ಯಂತ್ರದ ಬಿಡಿಭಾಗ ಪೂರೈಸುವ ವ್ಯಾಪಾರಿಯಾಗಿದ್ದರು. ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗದಿದ್ದಾಗ, ಗಣಿತದ ಪದವೀಧರರಾಗಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಆ ಕೆಲಸ ವಹಿಸಿದರು. 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಉದ್ಯಮವೇ ಮುಂದೆ ಟ್ಯಾಲಿ ಎಂದು ಮನೆಮಾತಾಯಿತು. ಭರತ್ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಸಾವಿರಾರು ಅಂಗಡಿಗಳು ಬಳಸುವ ತಂತ್ರಾಂಶ ಹುಟ್ಟಿದ್ದು ಒಬ್ಬ ವ್ಯಾಪಾರಿಯ ಅಡಚಣೆಯಿಂದ ಎಂಬುದು ಗಮನಾರ್ಹ.

ಗಣಿತ ಎಷ್ಟು ಬೇಕೆಂದು ಕೇಳುವವರೂ ಉಂಟು. ವ್ಯಾಪಾರದ ಲೆಕ್ಕಕ್ಕೆ ಕೂಡು-ಕಳೆ, ಗುಣಾಕಾರ-ಭಾಗಾಕಾರ, ಶೇಕಡಾವಾರು ತಿಳಿದಿದ್ದರೆ ಆರಂಭಕ್ಕೆ ಸಾಕು.

ಯಾವ ಭಾಷೆ? ಇಂಗ್ಲಿಷ್ ಬಾರದಿದ್ದರೆ?

ವ್ಯವಹಾರದ ಲೆಕ್ಕಕ್ಕೆಂದೇ ಕೋಬಾಲ್ ಭಾಷೆ 1959-60ರಲ್ಲಿ ರೂಪುಗೊಂಡಿತು. ವಿಜ್ಞಾನೇತರ ವಿದ್ಯಾರ್ಥಿಗಳೂ ಕಲಿಯಲೆಂದು 1964ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನಲ್ಲಿ ಬೇಸಿಕ್ ಜನಿಸಿತು. ಈಗ ಹೊಸಬರಿಗೆ ಸುಲಭವೆನಿಸುವುದು 1991ರಲ್ಲಿ ಹೊರಬಂದ ಪೈಥಾನ್. ಅದು ಉಚಿತವಾಗಿ ದೊರೆಯುತ್ತದೆ, ಸಾಧಾರಣ ಗಣಕಯಂತ್ರದಲ್ಲಿಯೂ ನಡೆಯುತ್ತದೆ. ಮೊದಲ ಭಾಷೆಯ ಆಯ್ಕೆಗಾಗಿ ತಿಂಗಳುಗಟ್ಟಲೆ ಚರ್ಚಿಸುವುದು ವ್ಯರ್ಥ; ಒಂದನ್ನು ಚೆನ್ನಾಗಿ ಕಲಿತವನಿಗೆ ಎರಡನೆಯದು ಕಷ್ಟವಾಗದು.

ಪೈಥಾನ್‌ನಲ್ಲಿ ಕಾಯ್ದಿರಿಸಿದ ಇಂಗ್ಲಿಷ್ ಪದಗಳು ಸುಮಾರು 35 ಮಾತ್ರ. ಉಳಿದ ಹೆಸರುಗಳನ್ನು ಬರೆಯುವವನೇ ಇಡುತ್ತಾನೆ, ಅವು ಕನ್ನಡದಲ್ಲಿಯೂ ಇರಬಹುದು. ಪೈಥಾನ್ 3ರಿಂದ ಈಚೆಗೆ ‘ಮಜೂರಿ’, ‘ಮುಂಗಡ’, ‘ಶಿಲ್ಕು’ ಎಂಬ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದರೂ ಯಂತ್ರವು ಒಪ್ಪುತ್ತದೆ.

ಶಿಲ್ಕು ಶಿಲ್ಕಿಗೇ ಸಮವಾಗದಿರುವುದು ಹೇಗೆ?

‘ಶಿಲ್ಕು = ಶಿಲ್ಕು + ಜಮಾ - ಖರ್ಚು’ ಎಂಬ ಸಾಲನ್ನು ಕಂಡು ಶಾಲೆಯ ಗಣಿತ ಕಲಿತವರು ಗಾಬರಿಯಾಗುತ್ತಾರೆ. ಎರಡೂ ಬದಿಯಲ್ಲಿ ಶಿಲ್ಕು ಇದ್ದ ಮೇಲೆ ಜಮಾ-ಖರ್ಚು ಸಮವಾಗಿರಬೇಕಲ್ಲವೇ ಎಂಬುದು ಅವರ ಪ್ರಶ್ನೆ. ಕೀರ್ದಿ ಬರೆದವರಿಗೆ ಈ ಗೊಂದಲವಿಲ್ಲ. ಬೆಳಗಿನ ಶಿಲ್ಕಿಗೆ ದಿನದ ಜಮಾ ಕೂಡಿಸಿ, ಖರ್ಚು ಕಳೆದು, ಬಂದ ಮೊತ್ತವನ್ನು ಸಂಜೆಯ ಶಿಲ್ಕೆಂದು ಬರೆಯುವುದು ನಿತ್ಯದ ಕೆಲಸ. ಇಲ್ಲಿ ಒಂದು ಸಮಚಿಹ್ನೆಗೆ ‘ಬಲಗಡೆಯ ಮೊತ್ತವನ್ನು ಎಡಗಡೆಯ ಹೆಸರಿಗೆ ಬರೆ’ ಎಂದರ್ಥ. ಎರಡು ಮೊತ್ತಗಳು ಸಮವೇ ಎಂದು ಕೇಳಬೇಕಾದರೆ ಎರಡು ಸಮಚಿಹ್ನೆಗಳನ್ನು ಜೋಡಿಸಿ ಬರೆಯಬೇಕು.

ಎಣಿಕೆ ಸೊನ್ನೆಯಿಂದ ಆರಂಭವಾಗುವುದೇಕೆ ಎಂಬುದೂ ಪದೇ ಪದೇ ಬರುವ ಪ್ರಶ್ನೆ. ಪಟ್ಟಿಯ ಆರಂಭದಿಂದ ಎಷ್ಟು ಮನೆ ಮುಂದೆ ಹೋಗಬೇಕೆಂಬುದನ್ನು ಆ ಸಂಖ್ಯೆ ಹೇಳುತ್ತದೆ. ಆರ್ಥಿಕ ವರ್ಷದ ಹನ್ನೆರಡು ತಿಂಗಳ ಪಟ್ಟಿಯಲ್ಲಿ ಏಪ್ರಿಲ್ 0, ಮಾರ್ಚ್ 11. ಇದನ್ನು ಮರೆತವರಿಗೆ ಮೇ ತಿಂಗಳ ಮಾರಾಟವು ಏಪ್ರಿಲ್‌ನದಾಗಿ ಕಾಣುತ್ತದೆ.

ಒಂದು ಷರತ್ತು ಬಿಟ್ಟರೆ ಏನಾದೀತು?

‘ಹೀಗಿದ್ದರೆ ಹಾಗೆ ಮಾಡು’ ಎಂಬ ಷರತ್ತಿನ ವಾಕ್ಯವೇ ಪ್ರೋಗ್ರಾಮಿನ ಜೀವಾಳ. ಕಬ್ಬಿನ ಸೀಮೆಗೆ ಪರಿಚಿತವಾದ ಲೆಕ್ಕವೊಂದನ್ನು ನೋಡಬಹುದು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಎಫ್.ಆರ್.ಪಿ. ದರವು ಶೇ. 10.25ರ ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂ. ಇಳುವರಿಯು ಪ್ರತಿ ಶೇ. 0.1ರಷ್ಟು ಹೆಚ್ಚಿದರೆ 3.46 ರೂ. ಕೂಡಬೇಕು, ಕಡಿಮೆಯಾದರೆ ಅಷ್ಟೇ ಕಳೆಯಬೇಕು. ಆದರೆ ಶೇ. 9.5 ಅಥವಾ ಅದಕ್ಕಿಂತ ಕಡಿಮೆ ಇಳುವರಿಗೆ 329.05 ರೂ. ಸ್ಥಿರ.

ಕಲಿಯುವವನು ಮೊದಲೆರಡು ನಿಯಮಗಳನ್ನು ಬರೆದು ಕೊನೆಯದನ್ನು ಮರೆತನೆನ್ನೋಣ. ಶೇ. 10.75 ಇಳುವರಿಗೆ ಆತನ ಪ್ರೋಗ್ರಾಮ್ 372.30 ರೂ. ಎಂದು ಸರಿಯಾಗಿಯೇ ಹೇಳುತ್ತದೆ. ಆದರೆ ಶೇ. 9.2 ಬಂದಾಗ 318.67 ರೂ. ಎನ್ನುತ್ತದೆ. ಕ್ವಿಂಟಾಲಿಗೆ 10.38 ರೂ. ಕೊರತೆ, 50 ಟನ್ ಕಬ್ಬಿಗೆ 5,190 ರೂ. ಯಂತ್ರವು ಎಲ್ಲಿಯೂ ನಿಲ್ಲಲಿಲ್ಲ, ದೋಷ ತೋರಿಸಲಿಲ್ಲ. ನಷ್ಟ ಮಾತ್ರ ಬೆಳೆಗಾರನದು. ಆದ್ದರಿಂದ ಪ್ರತಿಯೊಂದು ಷರತ್ತಿನ ಗಡಿಯಲ್ಲಿ ಪರೀಕ್ಷೆ ಮಾಡಬೇಕು: 9.4, 9.5, 9.6, 10.25, 10.3 ಎಂದು ಒಂದೊಂದಾಗಿ ಕೊಟ್ಟು, ಕೈಲೆಕ್ಕದೊಡನೆ ತಾಳೆ ನೋಡಬೇಕು.

ಪೈಸೆಯ ಲೆಕ್ಕ ತಪ್ಪುವುದೇಕೆ?

ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ಬರುತ್ತದೆ. ಯಂತ್ರ ಕೆಟ್ಟಿಲ್ಲ. ಗಣಕಯಂತ್ರವು ಎರಡರ ಪದ್ಧತಿಯಲ್ಲಿ ಎಣಿಸುವುದರಿಂದ ಹತ್ತನೆಯ ಒಂದು ಭಾಗವನ್ನು ಪೂರ್ಣವಾಗಿ ಬರೆಯಲಾರದು. ನಾವು ಮೂರನೆಯ ಒಂದು ಭಾಗವನ್ನು 0.333 ಎಂದು ಬರೆದು ಮುಗಿಸಲಾಗದಂತೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಪೂರ್ಣಾಂಕದ್ದು. ಜಿ.ಎಸ್.ಟಿ. ಕಾಯ್ದೆಯ ಕಲಂ 170ರಂತೆ 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಬೇಕು, ಕಡಿಮೆಯಿದ್ದರೆ ಬಿಡಬೇಕು. ಮಹಾರಾಷ್ಟ್ರದ ಗ್ರಾಹಕನಿಗೆ ಕಳಿಸಿದ 1,250 ರೂ. ಸರಕಿಗೆ ಶೇ. 5ರಂತೆ ತೆರಿಗೆ 62.50 ರೂ.; ನಿಯಮದಂತೆ 63. ಪೈಥಾನ್‌ನ ಸಾಮಾನ್ಯ ‘ರೌಂಡ್’ ಆಜ್ಞೆಯು 62 ಎನ್ನುತ್ತದೆ. ಸರಿಯಾಗಿ ಅರ್ಧವಿದ್ದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಎಕ್ಸೆಲ್‌ನ ‘ರೌಂಡ್’ 63 ಎನ್ನುತ್ತದೆ. ಅದೇ ಸರಕು ರಾಜ್ಯದೊಳಗೆ ಮಾರಾಟವಾದರೆ ಕೇಂದ್ರ ಮತ್ತು ರಾಜ್ಯದ ಪಾಲು ತಲಾ 31.25 ರೂ.; ಎರಡನ್ನೂ ಪೂರ್ಣಾಂಕಗೊಳಿಸಿದರೆ ಒಟ್ಟು 62. ಮೊದಲು ಭಾಗಿಸಬೇಕೋ, ಮೊದಲು ಪೂರ್ಣಾಂಕಗೊಳಿಸಬೇಕೋ ಎಂಬುದನ್ನು ಲೆಕ್ಕ ಬಲ್ಲವರು ನಿಶ್ಚಯಿಸಿ ಹೇಳಬೇಕು. ಹಣವನ್ನು ಪೈಸೆಗಳ ಪೂರ್ಣಸಂಖ್ಯೆಯಾಗಿ ಇಡುವುದು ಅಥವಾ ಪೈಥಾನ್‌ನ ‘ಡೆಸಿಮಲ್’ ವ್ಯವಸ್ಥೆಯನ್ನು ಬಳಸುವುದು ಕ್ಷೇಮ.

ದೋಷವಿಲ್ಲವೆಂದರೆ ಲೆಕ್ಕ ಸರಿಯೇ?

ಕೆಂಪಕ್ಷರದಲ್ಲಿ ದೋಷಸೂಚನೆ ಬಂದಾಗ ಹೊಸಬರು ಧೃತಿಗೆಡುತ್ತಾರೆ. ವಾಸ್ತವವಾಗಿ ಅದು ಉಪಕಾರಿ. ಯಾವ ಸಾಲಿನಲ್ಲಿ ತೊಡಕಿದೆ ಎಂಬುದನ್ನು ಬಹುಮಟ್ಟಿಗೆ ತಿಳಿಸುತ್ತದೆ. ಅಂಜಬೇಕಾದದ್ದು ಸೂಚನೆಯೇ ಇಲ್ಲದ ದೋಷಕ್ಕೆ. ತಾಳೆಪಟ್ಟಿ ಕೂಡಿದ ಮಾತ್ರಕ್ಕೆ ಖಾತೆಗಳು ಸರಿಯೆನ್ನಲಾಗದು. ಯಂತ್ರದ ಖರೀದಿಯನ್ನು ದುರಸ್ತಿ ಖರ್ಚಿಗೆ ಬರೆದರೂ ತಾಳೆಪಟ್ಟಿ ಕೂಡುತ್ತದೆ. ಪ್ರೋಗ್ರಾಮಿನ ಸ್ಥಿತಿಯೂ ಹಾಗೆಯೇ. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ ಶೇ. 5 ತೆರಿಗೆ ಜಾರಿಗೆ ಬಂದಿತು, ಬಿಡಿ ಬೆಲ್ಲ ಅದರಿಂದ ಹೊರಗುಳಿಯಿತು. ‘ಬೆಲ್ಲ’ ಎಂಬ ಒಂದೇ ಹೆಸರಿಗೆ ಒಂದೇ ದರ ಬರೆದ ಪ್ರೋಗ್ರಾಮ್ ಯಾವ ತಕರಾರೂ ಇಲ್ಲದೆ ನಡೆಯುತ್ತದೆ. ತಪ್ಪು ಹೊರಬೀಳುವುದು ಇಲಾಖೆಯ ನೋಟಿಸು ಬಂದಾಗ.

ದರ ಬದಲಾದರೆ ಎಲ್ಲವನ್ನೂ ತಿದ್ದಬೇಕೇ?

2017ರ ಜುಲೈ 1ರಂದು ಜಿ.ಎಸ್.ಟಿ. ಬಂದಿತು. 2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು 28ರ ಹಂತಗಳು ಬಹುತೇಕ ತೆಗೆಯಲ್ಪಟ್ಟು ಶೇ. 5 ಮತ್ತು 18 ಮುಖ್ಯ ದರಗಳಾದವು. ಪ್ರೋಗ್ರಾಮಿನ ನಲವತ್ತು ಕಡೆ ‘12’ ಎಂದು ಬರೆದಿಟ್ಟವರು ನಲವತ್ತು ಕಡೆಯೂ ತಿದ್ದಬೇಕಾಯಿತು. ಜಾರಿಯ ದಿನಾಂಕಸಹಿತ ದರಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ಇಟ್ಟವರು ಒಂದು ಸಾಲು ಸೇರಿಸಿ ಮುಗಿಸಿದರು. ಹಳೆಯ ಸಾಲನ್ನು ಅಳಿಸಬಾರದು. ಹಳೆಯ ಬಿಲ್ಲಿನ ಸರಕು ಮರಳಿದಾಗ ಹಳೆಯ ದರವೇ ಬೇಕಾಗುತ್ತದೆ.

ಈಗ ಯಂತ್ರವೇ ಬರೆಯುವಾಗ ಕಲಿಯುವುದೇಕೆ?

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಪ್ರಶ್ನೆ ಸಹಜವಾಗಿಯೇ ಎದ್ದಿದೆ. ಕೃತಕ ಬುದ್ಧಿಮತ್ತೆಯು ಕೇಳಿದ ಪ್ರೋಗ್ರಾಮನ್ನು ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ. ಕಲಿಯುವವನಿಗೆ ಒಳ್ಳೆಯ ಸಹಾಯಕವೂ ಹೌದು. ಆದರೆ ಗುಮಾಸ್ತ ಬರೆದ ಖಾತೆಗೆ ಸಹಿ ಹಾಕುವವರು ಮಾಲೀಕರೇ. ಶೇ. 9.5ರ ಷರತ್ತು ಬಿಟ್ಟುಹೋಗಿದೆ ಎಂಬುದನ್ನು ಓದಿ ತಿಳಿಯುವಷ್ಟು ವಿದ್ಯೆ ಇಲ್ಲದವರು ಅಪರಿಚಿತನ ಲೆಕ್ಕಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದಂತೆ.

ಎಲ್ಲಿಂದ ಆರಂಭಿಸಬೇಕು?

ಮುಖ್ಯ ಲೆಕ್ಕಪುಸ್ತಕಗಳನ್ನು ಮನೆಯಲ್ಲಿ ಬರೆದ ಪ್ರೋಗ್ರಾಮಿಗೆ ಒಪ್ಪಿಸಬಾರದು. 2023ರ ಏಪ್ರಿಲ್ 1ರಿಂದ ಕಂಪನಿಗಳು ತಂತ್ರಾಂಶದಲ್ಲಿ ಲೆಕ್ಕವಿಡುವುದಾದರೆ, ಪ್ರತಿಯೊಂದು ತಿದ್ದುಪಡಿಯ ಜಾಡನ್ನು ಅಳಿಸಲಾಗದಂತೆ ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವಿದೆ. ಚಿಕ್ಕದಾದ, ತಪ್ಪಿದರೂ ಕೂಡಲೆ ತಿಳಿಯುವ ಕೆಲಸದಿಂದ ಆರಂಭಿಸುವುದು ಲೇಸು.

ವಾರದ ಮಜೂರಿ ಅಂತಹ ಕೆಲಸ: ನೇಯ್ದ ಸೀರೆಗಳ ಸಂಖ್ಯೆಯನ್ನು ದರದಿಂದ ಗುಣಿಸಿ ಮುಂಗಡವನ್ನು ಕಳೆಯುವುದು. ಹತ್ತು ಸಾಲುಗಳಲ್ಲಿ ಮುಗಿಯುತ್ತದೆ. ಆದರೆ ಒಬ್ಬ ನೇಕಾರನ ಮುಂಗಡವು ಆ ವಾರದ ಮಜೂರಿಗಿಂತ ಹೆಚ್ಚಾಗಿದ್ದರೆ ಉತ್ತರ ಋಣಸಂಖ್ಯೆಯಾಗುತ್ತದೆ. ಪೂರ್ತಿ ಮುರಿದುಕೊಂಡು ಆತನನ್ನು ಬರಿಗೈಯಲ್ಲಿ ಕಳಿಸಬೇಕೋ, ಸಂತೆಯ ಖರ್ಚಿಗಷ್ಟು ಕೊಟ್ಟು ಉಳಿದದ್ದನ್ನು ಮುಂದಿನ ವಾರಕ್ಕೆ ಒಯ್ಯಬೇಕೋ? ಇದನ್ನು ಗಣಕಯಂತ್ರ ನಿರ್ಧರಿಸಲಾರದು. ಮಾಲೀಕರು ನಿರ್ಧರಿಸಿ, ನೇಕಾರನಿಗೂ ತಿಳಿಸಿ, ಅನಂತರ ಬರೆಯಬೇಕು. ಇಷ್ಟು ದಿನ ಸಮಯಕ್ಕೆ ತಕ್ಕಂತೆ ನಡೆಯುತ್ತಿದ್ದ ವ್ಯವಹಾರಕ್ಕೆ ಒಂದು ನಿಯಮವಿದೆಯೇ ಎಂದು ಆಗಲೇ ಮೊದಲ ಬಾರಿಗೆ ಕೇಳಿಕೊಳ್ಳುವ ಪ್ರಸಂಗ ಬರಬಹುದು.

ಆ ಪ್ರೋಗ್ರಾಮಿನ ಜೊತೆಗೆ ಕನಿಷ್ಠ ಎರಡು ತಿಂಗಳು ಕೈಲೆಕ್ಕವೂ ನಡೆಯಲಿ. ಪ್ರತಿ ಶನಿವಾರ ಎರಡರ ಮೊತ್ತವನ್ನೂ ತಾಳೆ ನೋಡಲಿ. ವ್ಯತ್ಯಾಸ ಬಂದರೆ ಮೊದಲು ನಿಯಮವನ್ನು, ಅನಂತರ ಬರೆದ ಸಾಲನ್ನು ಪರಿಶೀಲಿಸಲಿ. ಇಷ್ಟಾದ ಮೇಲೆ ಪ್ರೋಗ್ರಾಮಿನ ಅಂಕಿಯನ್ನು ನಂಬಿ ಮಜೂರಿ ಹಂಚಬಹುದು.