ಹಳೆಯ ಡೀಸೆಲ್ ವಾಹನದ ಕಪ್ಪು ಹೊಗೆ: ಮೊದಲು ಗಾಳಿ, ಅನಂತರ ಪಂಪ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದ ಅನೇಕ ವರ್ತಕರು ಮೆಕ್ಕೆಜೋಳ, ಶೇಂಗಾ ಸಾಗಾಣಿಕೆಗೆ ಹಳೆಯ ಡೀಸೆಲ್ ವಾಹನಗಳನ್ನೇ ಅವಲಂಬಿಸಿದ್ದಾರೆ. ವಾಹನವು ಏರಿನಲ್ಲಿ ಶಕ್ತಿಗುಂದಿ ಕಪ್ಪು ಹೊಗೆ ಉಗುಳಿದೊಡನೆ ಇಂಜೆಕ್ಷನ್ ಪಂಪ್ ಬಿಚ್ಚಿಸುವುದು ಅನೇಕ ವೇಳೆ ಅನಗತ್ಯ ವೆಚ್ಚ.

ಕಪ್ಪು ಹೊಗೆಯೆಂದರೆ ಪೂರ್ಣವಾಗಿ ಉರಿಯದ ಡೀಸೆಲ್‌ನ ಮಸಿ. ಒಂದು ಕಿಲೋ ಡೀಸೆಲ್ ಉರಿಯಲು ಕನಿಷ್ಠ ಸುಮಾರು 14.5 ಕಿಲೋ ಗಾಳಿ ಬೇಕು. ಧೂಳಿನಿಂದ ಏರ್ ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಸಾಲದೆ ಹೊಗೆಯೂ ಹೆಚ್ಚುತ್ತದೆ, ಶಕ್ತಿಯೂ ಕುಂದುತ್ತದೆ. ಆದುದರಿಂದ ಮೊದಲು ಏರ್ ಫಿಲ್ಟರನ್ನು ಪರೀಕ್ಷಿಸಿ, ಕಟ್ಟಿಕೊಂಡಿದ್ದರೆ ಬದಲಿಸಬೇಕು. ಫಿಲ್ಟರ್ ಇಲ್ಲದೆ ಮಾತ್ರ ವಾಹನ ಓಡಿಸಬಾರದು. ಧೂಳು ಒಳಹೊಕ್ಕು ಸಿಲಿಂಡರ್ ಸವೆಯುತ್ತದೆ. ಟರ್ಬೊ ಇದ್ದಲ್ಲಿ ಅದರ ರಬ್ಬರ್ ಪೈಪಿನ ಬಿರುಕು, ಕ್ಲಿಪ್‌ಗಳ ಸಡಿಲತೆಯನ್ನು ಗಮನಿಸಬೇಕು. ಬಳಿಕ ನಾಜಲ್‌ಗಳ ಪರೀಕ್ಷೆ; ನಾಜಲ್ ಡೀಸೆಲನ್ನು ಸಿಂಪಡಿಸಬೇಕೇ ಹೊರತು ತೊಟ್ಟಿಕ್ಕಬಾರದು. ಪಂಪಿನ ಸರದಿ ಕೊನೆಯದು.

ಕಪ್ಪು ಹೊಗೆಯಿಲ್ಲದೆ ಶಕ್ತಿ ಮಾತ್ರ ಕುಂದಿದರೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರಬಹುದು.

ಬಿಎಸ್-4ಕ್ಕೆ ಮುಂಚಿನ ಡೀಸೆಲ್ ವಾಹನಗಳಿಗೆ ಹೊಗೆಯ ಮಿತಿ 65 ಹಾರ್ಟ್ರಿಜ್ ಯೂನಿಟ್. ಸುಗ್ಗಿಯ ಬಾಡಿಗೆ ಆರಂಭವಾಗುವ ಮುನ್ನವೇ ಈ ಕ್ರಮದಲ್ಲಿ ಪರೀಕ್ಷಿಸಿಕೊಂಡರೆ ದಂಡವೂ ಡೀಸೆಲೂ ಉಳಿಯುವುವು.