ಮೂರು ವಾಹಿನಿ, ಒಬ್ಬ ನಾರ್ಮನ್ ಲಿಯರ್

1974–75ರಲ್ಲಿ ಅಮೆರಿಕದವರು ಅತಿ ಹೆಚ್ಚು ನೋಡಿದ ಹತ್ತು ಟೀವಿ ಕಾರ್ಯಕ್ರಮಗಳ ಪಟ್ಟಿ ಹೀಗಿದೆ: ಮೊದಲನೆಯದು ‘ಆಲ್ ಇನ್ ದ ಫ್ಯಾಮಿಲಿ’, ಎರಡನೆಯದು ‘ಸ್ಯಾನ್‌ಫರ್ಡ್ ಅಂಡ್ ಸನ್’, ನಾಲ್ಕನೆಯದು ‘ದ ಜೆಫರ್ಸನ್ಸ್’, ಏಳನೆಯದು ‘ಗುಡ್ ಟೈಮ್ಸ್’, ಒಂಬತ್ತನೆಯದು ‘ಮಾಡ್’. ಉಳಿದ ಐದನ್ನು ಬಿಟ್ಟಿದ್ದೇನೆ. ಏಕೆಂದರೆ ಇಲ್ಲಿ ಹೆಸರಿಸಿದ ಐದರ ಹಿಂದೆ ಇದ್ದದ್ದು ಒಬ್ಬನೇ ಮನುಷ್ಯ, ನಾರ್ಮನ್ ಲಿಯರ್. ಐದೂ ಹಾಸ್ಯ ಧಾರಾವಾಹಿಗಳೇ.

ವಾರಕ್ಕೆ 12 ಕೋಟಿ ಜನ ಲಿಯರ್ ಅವರ ಧಾರಾವಾಹಿಗಳನ್ನು ನೋಡುತ್ತಿದ್ದರು ಎಂಬ ಮಾತು ಅವರ ಬಗೆಗಿನ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಅಂಕಿಯ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ವಾರದಲ್ಲಿ ಎರಡು ಧಾರಾವಾಹಿ ನೋಡಿದವನನ್ನು ಎರಡು ಸಲ ಎಣಿಸಿದ್ದಾರೋ ಏನೋ. ನೀಲ್ಸನ್ ಸಂಸ್ಥೆಯ ಲೆಕ್ಕ ಇದಕ್ಕಿಂತ ಗಟ್ಟಿ. 1971–72ರಲ್ಲಿ ‘ಆಲ್ ಇನ್ ದ ಫ್ಯಾಮಿಲಿ’ಯ ರೇಟಿಂಗ್ 34, ಅಂದರೆ ಟೀವಿ ಇದ್ದ ನೂರು ಮನೆಗಳಲ್ಲಿ 34 ಅದನ್ನು ನೋಡುತ್ತಿದ್ದವು. ಟೀವಿ ಇದ್ದ ಮನೆಗಳು ಆಗ ಸುಮಾರು 6.2 ಕೋಟಿ. ಅಂದರೆ 2.1 ಕೋಟಿ ಮನೆಗಳು ಒಂದೇ ಹೊತ್ತಿನಲ್ಲಿ ಒಂದೇ ಜಗಳ ನೋಡುತ್ತಾ ಕೂತಿದ್ದವು. ಅದು 1971ರಿಂದ 76ರವರೆಗೆ ಐದು ವರ್ಷ ಸತತವಾಗಿ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. ಧಾರಾವಾಹಿ ಶುರುವಾದ 1971ರ ಜನವರಿಯಲ್ಲಿ ಇಡೀ ಭಾರತಕ್ಕೆ ಇದ್ದದ್ದು ದೆಹಲಿಯ ಟೀವಿ ಕೇಂದ್ರ ಒಂದೇ. ಬೆಂಗಳೂರಿನವರು ಇನ್ನೂ ಹತ್ತು ವರ್ಷ ಕಾಯಬೇಕಿತ್ತು.

ಮೂರೇ ವಾಹಿನಿ ಇದ್ದ ಕಾಲ, ಏನು ಹಾಕಿದರೂ ಜನ ನೋಡುತ್ತಿದ್ದರು ಎನ್ನಬಹುದು. ಆದರೆ ಯಾರ ಮನಸ್ಸೂ ನೋಯದ ಸಪ್ಪೆ ಹಾಸ್ಯವೇ ಅಂಥ ಕಾಲದ ಸುರಕ್ಷಿತ ವ್ಯಾಪಾರವಾಗಿತ್ತು. ಲಿಯರ್ ಬರೆದದ್ದು ಆರ್ಚಿ ಬಂಕರ್‌ನನ್ನು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ತನ್ನ ಕುರ್ಚಿ ಬಿಟ್ಟು ಏಳದೆ ಕರಿಯರನ್ನೂ ಯಹೂದಿಗಳನ್ನೂ ಹೆಂಗಸರನ್ನೂ ಮನೆಯ ಅಳಿಯನನ್ನೂ ಬೈಯುವ ದುಡಿಮೆಗಾರ. ಮೂಲ ಕಲ್ಪನೆ ಒಂದು ಬ್ರಿಟಿಷ್ ಧಾರಾವಾಹಿಯದು. ಆದರೆ ಆ ಕುರ್ಚಿ, ಹೆಂಡತಿಯ ಬಾಯಿ ಮುಚ್ಚಿಸುವ ಆ ಗದರಿಕೆ ಲಿಯರ್ ಅವರ ಸ್ವಂತ ತಂದೆಯವು. ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ವಂಚನೆಯ ಕೇಸಿನಲ್ಲಿ ಜೈಲು ಸೇರಿದ ತಂದೆ ಅವರು. ಎಬಿಸಿ ವಾಹಿನಿ 1968ರಲ್ಲೊಮ್ಮೆ, 69ರಲ್ಲೊಮ್ಮೆ ಮಾದರಿ ಕಂತು ಮಾಡಿಸಿ, ಎರಡು ಸಲವೂ ಬೇಡವೆಂದಿತು. ಕೊನೆಗೆ ಒಪ್ಪಿದ ಸಿಬಿಎಸ್ ಮೊದಲ ರಾತ್ರಿ ಪರದೆಯ ಮೇಲೆ ಎಚ್ಚರಿಕೆಯ ಸಾಲು ಹಾಕಿತು. ಬೈಗುಳದ ಕರೆಗಳನ್ನು ಸ್ವೀಕರಿಸಲು ಹೆಚ್ಚಿನ ಟೆಲಿಫೋನ್ ಆಪರೇಟರುಗಳನ್ನೂ ಕೂರಿಸಿತ್ತು. ನಿರೀಕ್ಷಿಸಿದ ಗಲಾಟೆ ಆಗಲಿಲ್ಲ.

ಕಂತುಗಳನ್ನು ನಾಟಕದ ಹಾಗೆ ಎದುರಿಗೆ ಜನರನ್ನು ಕೂರಿಸಿ, ದಿನಕ್ಕೆ ಎರಡು ಸಲ ಆಡಿ ವಿಡಿಯೊ ಟೇಪಿಗೆ ಇಳಿಸುತ್ತಿದ್ದರು. ಎರಡರಲ್ಲಿ ಯಾವ ದೃಶ್ಯ ಚೆನ್ನಾಗಿ ಬಂದಿದೆಯೋ ಅದನ್ನೇ ಜೋಡಿಸುವುದು. ನಗು ಕೃತಕವಲ್ಲ. ಜನ ನಗದಿದ್ದರೆ ಆ ಸಾಲು ಸೋತಿತು, ಅಷ್ಟೇ. ಇಂಥ ಪರೀಕ್ಷೆ ವಾರಕ್ಕೆ ಒಂದಲ್ಲ, ಐದು ಧಾರಾವಾಹಿಗೆ.

ಧಾರಾವಾಹಿಗಳೋ, ಬಾಳೆಯ ಬುಡದಲ್ಲಿ ಕಂದು ಒಡೆದಂತೆ ಒಂದರಿಂದ ಇನ್ನೊಂದು. ಆರ್ಚಿಯ ಹೆಂಡತಿಯ ಬಂಧು ಮಾಡ್ ಬೇರೆ ಮನೆ ಹೂಡಿದಳು. ಅವಳ ಮನೆಕೆಲಸದಾಕೆ ಫ್ಲಾರಿಡಾಳಿಂದ ‘ಗುಡ್ ಟೈಮ್ಸ್’. ಆರ್ಚಿಯ ನೆರೆಯವರಿಂದ ‘ಜೆಫರ್ಸನ್ಸ್’. ಕೊನೆಯದೊಂದೇ 253 ಕಂತು. ಲಿಯರ್ ಅವರದೇ ಇನ್ನೊಂದು, ‘ಒನ್ ಡೇ ಅಟ್ ಎ ಟೈಮ್’, 209. ಮೂರೂ ವಾಹಿನಿಗಳು ತಳ್ಳಿಹಾಕಿದ ‘ಮೇರಿ ಹಾರ್ಟ್‌ಮನ್, ಮೇರಿ ಹಾರ್ಟ್‌ಮನ್’ ಅನ್ನು ನೇರವಾಗಿ ಊರೂರಿನ ಕೇಂದ್ರಗಳಿಗೆ ಮಾರಿದರು. ವಾರಕ್ಕೆ ಐದರಂತೆ ಒಂದೂವರೆ ವರ್ಷದಲ್ಲಿ 325 ಕಂತು. ದೊಡ್ಡವನ್ನಷ್ಟೇ ಕೂಡಿದರೂ ಒಟ್ಟು ಸುಮಾರು 1,400. ಸಾವಿರ ಕಂತು ದಾಟುವ ದೈನಿಕ ಧಾರಾವಾಹಿಗಳನ್ನು ಕಂಡ ನಮಗೆ ಇದೇನು ಮಹಾ ಅನಿಸಬಹುದು. ಅಲ್ಲಿ ಕತೆಯನ್ನು ಎಳೆಯುತ್ತಾ ಹೋದರೂ ನಡೆಯುತ್ತದೆ. ಇಲ್ಲಿ ಹೆಚ್ಚಿನವು ಅರ್ಧ ಗಂಟೆಯಲ್ಲಿ ಹುಟ್ಟಿ, ನಗಿಸಿ, ಮುಗಿಯಬೇಕು. ಎಲ್ಲವನ್ನೂ ಲಿಯರ್ ಒಬ್ಬರೇ ಬರೆದದ್ದಲ್ಲ, ಬರಹಗಾರರ ದಂಡೇ ಇತ್ತು. ಆದರೆ 1972ರ ನವೆಂಬರಿನಲ್ಲಿ, ಗರ್ಭಪಾತದ ಹಕ್ಕಿನ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಡುವ ಎರಡು ತಿಂಗಳ ಮೊದಲೇ, ನಲವತ್ತೇಳರ ಮಾಡ್ ಗರ್ಭಪಾತಕ್ಕೆ ನಿರ್ಧರಿಸಿದಾಗ ವಾಹಿನಿಯವರ ಎದುರು ನಿಲ್ಲಬೇಕಾದವರು ಅವರೇ.

ಲಿಯರ್ ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ 52 ಬಾರಿ ಯುದ್ಧಕ್ಕೆ ಹಾರಿ ಬದುಕಿ ಬಂದವರು. ಆಮೇಲೆ ಮನೆ ಮನೆ ತಿರುಗಿ ಪೀಠೋಪಕರಣ ಮಾರಿದವರು. 1985ರಲ್ಲಿ ಪಾಲುದಾರರೊಂದಿಗೆ ತಮ್ಮ ಕಂಪನಿಯನ್ನು ಕೋಕಾ-ಕೋಲಾಕ್ಕೆ ಮಾರಿದಾಗ ಬಂದದ್ದು 48.5 ಕೋಟಿ ಡಾಲರ್. 2000ರಲ್ಲಿ ಸ್ನೇಹಿತನೊಬ್ಬನ ಜತೆ ಸೇರಿ, ಅಮೆರಿಕದ ಸ್ವಾತಂತ್ರ್ಯ ಘೋಷಣೆಯ 1776ರ ಮುದ್ರಿತ ಪ್ರತಿಯನ್ನು 81 ಲಕ್ಷ ಡಾಲರಿಗೆ ಕೊಂಡು ಊರೂರಿಗೆ ಪ್ರದರ್ಶನಕ್ಕೆ ಕಳಿಸಿದರು. ಅದೇ ಹಾಳೆ ಹಿಂದೆ ಯಾರೋ 4 ಡಾಲರಿಗೆ ಕೊಂಡ ಹಳೆಯ ಚಿತ್ರದ ಹಿಂಬದಿಯಲ್ಲಿ ಸಿಕ್ಕಿತ್ತು.

2019ರ ಮೇ ತಿಂಗಳಲ್ಲಿ ‘ಆಲ್ ಇನ್ ದ ಫ್ಯಾಮಿಲಿ’ ಮತ್ತು ‘ಜೆಫರ್ಸನ್ಸ್’ನ ಒಂದೊಂದು ಹಳೆಯ ಕಂತನ್ನು ಹೊಸ ನಟರು ನೇರಪ್ರಸಾರದಲ್ಲಿ ಆಡಿದರು. ಒಂದು ಕೋಟಿಗೂ ಹೆಚ್ಚು ಜನ ನೋಡಿದರು. 97ನೆಯ ವಯಸ್ಸಿನಲ್ಲಿ ಲಿಯರ್‌ಗೆ ಎಮ್ಮಿ ಪ್ರಶಸ್ತಿ ಬಂತು. ಮರುವರ್ಷ 98ರಲ್ಲಿ ಇನ್ನೊಂದು. 2023ರಲ್ಲಿ ತೀರಿಕೊಂಡಾಗ ಅವರಿಗೆ 101. ಅಂದಹಾಗೆ, 2019ರ ಆ ನೇರಪ್ರಸಾರ ನಡೆದದ್ದು ಎಬಿಸಿಯಲ್ಲಿ.