ಮನೆಯೊಳಗಣ ಸಂಗೀತೋತ್ಸವ

ದೂರದರ್ಶನದಲ್ಲಿ ಒಂದು ಕಛೇರಿಯನ್ನು ನೋಡುತ್ತಿದ್ದಾಗ ನನ್ನ ಅಕ್ಕ ಕೇಳಿದಳು: “ಅಲ್ಲವೋ, ಇವರು ಯಾರೆದುರು ಹಾಡುತ್ತಿದ್ದಾರೆ?” ಬೆಂಗಳೂರಿನ ಕೋಟೆ ಪ್ರೌಢಶಾಲೆಯ ಬಯಲಿನಲ್ಲಿ ನಡೆಯುವ ರಾಮನವಮಿಯ ಕಛೇರಿಗಳನ್ನು ಎಷ್ಟೋ ವರ್ಷ ತಪ್ಪದೆ ಕೇಳಿದವಳು ಆಕೆ. ಈಗ ಹಾಸಿಗೆ ಬಿಟ್ಟು ಏಳಲಾರಳು. ತೆರೆಯ ಮೇಲೆ ಅರ್ಧ ಗಂಟೆಯಿಂದ ಗಾಯಕರ ಮುಖವೊಂದೇ ಇತ್ತು. ಮೃದಂಗದವರ ತನಿ ಆವರ್ತನ ಮೊದಲಾದ ಮೇಲೂ ಕ್ಯಾಮರಾ ಸುಮ್ಮನೆ ಕುಳಿತ ಗಾಯಕರನ್ನೇ ದಿಟ್ಟಿಸುತ್ತಿತ್ತು. ಸಭೆಯಂತೂ ಒಮ್ಮೆಯೂ ಕಾಣಲಿಲ್ಲ. ಅಕ್ಕನ ಪ್ರಶ್ನೆ ಕುಚೋದ್ಯದ್ದಾಗಿರಲಿಲ್ಲ.

ಉತ್ಸವದ ಸಂಗೀತವನ್ನು ಮನೆಯಲ್ಲಿರುವವರಿಗೆ ಚಿತ್ರದ ಮೂಲಕ ಮುಟ್ಟಿಸುವುದು ಹೇಗೆ ಎಂಬುದನ್ನು ನಾನು ಯೋಚಿಸತೊಡಗಿದ್ದು ಆ ದಿನದಿಂದ. ಇದಕ್ಕೆ ಒಂದು ಹಳೆಯ ನಿದರ್ಶನವಿದೆ. 1967ರ ಜೂನ್ 16ರಿಂದ 18ರವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಒಂದು ಪಾಪ್ ಸಂಗೀತೋತ್ಸವ ಜರುಗಿತು. ಅದನ್ನು ಚಿತ್ರಿಸಿದವರು ಡಿ. ಎ. ಪೆನ್ನೆಬೇಕರ್. ಮೊದಲಿಗೆ ಅದು ಎ.ಬಿ.ಸಿ. ದೂರದರ್ಶನಕ್ಕಾಗಿ, ಎಂದರೆ ಮನೆಮಂದಿಗಾಗಿಯೇ, ಯೋಜಿತವಾದ ಚಿತ್ರ. ಆದರೆ ಜಿಮಿ ಹೆಂಡ್ರಿಕ್ಸ್ ವೇದಿಕೆಯ ಮೇಲೆ ಗಿಟಾರಿಗೆ ಬೆಂಕಿಯಿಟ್ಟ ಆ ರಾತ್ರಿಯ ಪ್ರದರ್ಶನವನ್ನು ಕಂಡ ಮೇಲೆ ದೂರದರ್ಶನದವರು ಇದು ಮನೆಗಳಿಗೆ ಸಲ್ಲದೆಂದು ಕೈಬಿಟ್ಟರು. 1968ರಲ್ಲಿ ಅದು ಚಿತ್ರಮಂದಿರಗಳಿಗೆ ಹೋಯಿತು. ಬಹುಕಾಲದ ಅನಂತರ ಕ್ಯಾಸೆಟ್ಟು, ಡಿಸ್ಕುಗಳ ರೂಪದಲ್ಲಿ ಮನೆಗಳಿಗೇ ಮರಳಿತು.

ಕೆಲಸದ ಕಷ್ಟವನ್ನು ಸ್ವಲ್ಪ ಹೇಳಬೇಕು. 16 ಮಿಲಿಮೀಟರಿನ 400 ಅಡಿ ಫಿಲ್ಮ್ ಸುರುಳಿಯೊಂದು ಸುಮಾರು 11 ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ರಾಗವಾಗಲಿ ಹಾಡಾಗಲಿ ಸುರುಳಿ ಬದಲಿಸುವವರೆಗೆ ಕಾಯುವುದಿಲ್ಲ. ಆದುದರಿಂದ ಹಲವರು ಬೇಕು. ಒಬ್ಬನ ಸುರುಳಿ ಮುಗಿದಾಗ ಇನ್ನೊಬ್ಬನದು ಓಡುತ್ತಿರಬೇಕು. ಎಲ್ಲವನ್ನೂ ಚಿತ್ರಿಸುವಷ್ಟು ಫಿಲ್ಮ್ ಇರಲಿಲ್ಲ. ಯಾವ ಹಾಡನ್ನು ಹಿಡಿಯಬೇಕೆಂದು ತಿಳಿಸಲು ವೇದಿಕೆಯ ಬಳಿ ಒಂದು ಕೆಂಪು ದೀಪವನ್ನು ಬೆಳಗಿಸುತ್ತಿದ್ದರು. ಧ್ವನಿಯನ್ನು ಬೇರೆಯಾಗಿ, ಎಂಟು ಪಥಗಳ ಟೇಪಿನ ಮೇಲೆ ಮುದ್ರಿಸಿಕೊಂಡರು. ಯಾವ ವಾದ್ಯ ಎಷ್ಟು ಕೇಳಿಸಬೇಕೆಂಬುದನ್ನು ಆಮೇಲೆ ಸಾವಧಾನವಾಗಿ ನಿರ್ಣಯಿಸಬಹುದಾಯಿತು. ಜಾನಿಸ್ ಜಾಪ್ಲಿನ್ ಶನಿವಾರ ಹಾಡಿದಾಗ ಅವರ ತಂಡದ ವ್ಯವಸ್ಥಾಪಕರು ಚಿತ್ರೀಕರಣಕ್ಕೆ ಒಪ್ಪಿರಲಿಲ್ಲ. ಕ್ಯಾಮರಾಕ್ಕಾಗಿಯೇ ಆಕೆ ಭಾನುವಾರ ಮತ್ತೊಮ್ಮೆ ಹಾಡಿದರು. ಉತ್ಸವಕ್ಕೆ ಚಿತ್ರವೋ, ಚಿತ್ರಕ್ಕೆ ಉತ್ಸವವೋ ಎಂಬ ಗೊಂದಲ ಅಂದಿನಿಂದಲೇ ಆರಂಭವಾಯಿತೆನ್ನಬೇಕು.

ಚಿತ್ರದ ಕೊನೆಯಲ್ಲಿ ಬರುವವರು ಪಂಡಿತ ರವಿಶಂಕರ್. ನಿಜವಾಗಿ ಅವರು ಸಿತಾರ್ ನುಡಿಸಿದ್ದು ಭಾನುವಾರ ಮಧ್ಯಾಹ್ನ; ಹೆಂಡ್ರಿಕ್ಸ್ ಗಿಟಾರು ಸುಟ್ಟದ್ದು ಅದೇ ದಿನ ರಾತ್ರಿ. ಸಂಕಲನದಲ್ಲಿ ಈ ಕ್ರಮ ತಿರುವುಮುರುವಾಗಿದೆ. ನಡೆದದ್ದನ್ನು ನಡೆದಂತೆ ತೋರಿಸುವುದೇ ಸಾಕ್ಷ್ಯಚಿತ್ರದ ಧರ್ಮವೆನ್ನುವವರು ಇದನ್ನು ಆಕ್ಷೇಪಿಸಬಹುದು. ನಾನು ಆಕ್ಷೇಪಿಸಲಾರೆ, ಮೂರು ದಿನಗಳನ್ನು ಸುಮಾರು 80 ನಿಮಿಷಗಳಿಗೆ ಇಳಿಸುವವನು ಹೇಗೂ ಕ್ರಮವನ್ನು ಮುರಿದೇ ಮುರಿಯುತ್ತಾನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಸಿತಾರ್ ಕೇಳಿಸುತ್ತದೆ, ವಾದಕರು ಕಾಣುವುದಿಲ್ಲ. ಹಲವು ನಿಮಿಷ ಕ್ಯಾಮರಾ ಸಭಿಕರ ನಡುವೆಯೇ ಅಲೆಯುತ್ತದೆ. ಯಾರೋ ನಿದ್ದೆಯಿಂದ ಏಳುತ್ತಿದ್ದಾರೆ, ಯಾರೋ ನಡೆದುಹೋಗುತ್ತಿದ್ದಾರೆ, ಇನ್ಯಾರೋ ತಲೆದೂಗುತ್ತಿದ್ದಾರೆ. ಸಭಿಕರ ಮುಖವೆಂದರೆ ಸಾಮಾನ್ಯವಾಗಿ ಸಂಕಲನಕಾರನಿಗೆ ತೇಪೆಯ ಬಟ್ಟೆ. ಸುರುಳಿ ಮುಗಿದು ಗಾಯಕನ ಚಿತ್ರ ಕಡಿದುಹೋದ ಕಡೆ ಅದನ್ನು ಅಂಟಿಸಿ ಹರಕನ್ನು ಮುಚ್ಚುತ್ತಾನೆ. ಇಲ್ಲಿ ಅದೇ ಮೂಲವಸ್ತ್ರವಾಗಿದೆ. ಬಹಳ ಹೊತ್ತಿನ ಮೇಲೆ ರವಿಶಂಕರರೂ ತಬಲದ ಅಲ್ಲಾ ರಖಾ ಅವರೂ ಕಾಣಿಸಿಕೊಳ್ಳುವಷ್ಟರಲ್ಲಿ ನಾವು ಆ ಜನರ ನಡುವೆ ಎಲ್ಲೋ ಒಂದು ಜಾಗ ಹಿಡಿದು ಕುಳಿತಾಗಿರುತ್ತದೆ. ಅಲ್ಲಿಂದ ಮುಂದೆ ಬೆರಳು, ತಂತಿ, ತಬಲದವರ ನಗು. ಕಣ್ಣು ಎಲ್ಲಿ ಹೋಗಬೇಕೋ ಕ್ಯಾಮರಾ ಅಲ್ಲಿಗೇ ಹೋಗುತ್ತದೆ. ಮುಗಿದಾಗ ಸಭೆಯೆಲ್ಲ ಎದ್ದು ನಿಲ್ಲುತ್ತದೆ.

ಈ ಚಿತ್ರವನ್ನು ಅಕ್ಕನ ಹಾಸಿಗೆಯ ಪಕ್ಕದಲ್ಲಿ ಹಾಕಿ ತೋರಿಸಿದೆ. ಗಿಟಾರ್ ಸುಟ್ಟದ್ದನ್ನು ಕಂಡು “ಅಯ್ಯೋ, ವಾದ್ಯವನ್ನು!” ಎಂದು ಮುಖ ತಿರುಗಿಸಿದಳು. ಸಿತಾರಿನ ಭಾಗ ಬಂದಾಗ ತಲೆದಿಂಬಿಗೆ ಒರಗಿ ಕುಳಿತಳು. “ಪಾಪ, ಆ ಹುಡುಗಿಗೆ ತಾಳ ತಿಳಿಯದು, ಆದರೂ ನೋಡು ಹೇಗೆ ಕೇಳುತ್ತಿದ್ದಾಳೆ” ಎಂದಳು. ಹೊದಿಕೆಯ ಮೇಲೆ ಆಕೆಯ ಬೆರಳುಗಳು ಎಣಿಸತೊಡಗಿದ್ದವು. ಚಿತ್ರ ಮುಗಿದ ಮೇಲೆ ಕೇಳಿದಳು: “ಆಲಾಪನೆ ಎಲ್ಲಿ? ಬರೀ ಊಟದ ಕೊನೆಯ ಪಾಯಸ ಬಡಿಸಿದರಲ್ಲ.”

ಮಾತು ನಿಜ. ಚಿತ್ರದಲ್ಲಿ ಉಳಿದದ್ದು ಸುಮಾರು 18 ನಿಮಿಷ, ಅದೂ ಕೊನೆಯ ಧುನ್. ಮುಖ್ಯವಾಗಿ ನುಡಿಸಿದ್ದು ಮಧ್ಯಾಹ್ನಕ್ಕೊಪ್ಪುವ ಭೀಮ್‌ಪಲಾಸಿ, ನಮ್ಮ ಆಭೇರಿಗೆ ನೆರೆಯ ರಾಗ. ಅದು ಗ್ರಾಮಫೋನ್ ತಟ್ಟೆಯಲ್ಲಿ ಬಂದಿದೆ. ಅದರ ಧ್ವನಿಮುದ್ರಣವನ್ನು ಹುಡುಕಿ ಮರುದಿನ ಮಧ್ಯಾಹ್ನ ಹಾಕಿದೆ. ಅಕ್ಕ ತೆರೆಯನ್ನು ಪಕ್ಕಕ್ಕೆ ಸರಿಸು ಎಂದಳು, ಕಣ್ಣು ಮುಚ್ಚಿಕೊಂಡಳು.